ಕೋದಂಡಪ್ಪನ ಕೋಟು

ಜನವರಿ 6, ಸೋಮವಾರ

ಕಾಲೇಜಿನ ಪಾಠ ಮುಗಿಸಿ ಬಂಗಾರಪೇಟೆಯಲ್ಲಿ ಗಾಡಿ ಹಿಡಿದು ಮತ್ತೆ ಚಿನ್ನದ ಗಣಿಯ ಊರಿಗಾಂ. ಸತತ ಮೂರನೇ ಸಲ. ಸೀಟು ಸಿಕ್ಕಿತು, ಕಿಟಕಿ ಸಿಗಲಿಲ್ಲ.

ಪರಂಪರೆ ಸಮಿತಿಯ ಹಾಲ್‌ನಲ್ಲಿ ಲೆನ್ಸ್ ಹಿಡಿದು ಆ ಖಾಕಿ ಕೋಟಿನ ಮುಂದೆ ಕೂತೆ. ಬ್ರಿಟಿಷ್ ಮಿಲಿಟರಿಯದು. ಚಿಹ್ನೆಗಳೆಲ್ಲ ಮಾಯ. ಏನೇನಿತ್ತು, ಎಲ್ಲೆಲ್ಲಿತ್ತು — ಹೇಳಬೇಕಾದವಳು ನಾನು. ಇಪ್ಪತ್ತೆರಡು ವರ್ಷ ಇತಿಹಾಸ ಪಾಠ ಮಾಡಿದವಳ ಕೈಗೆ ಮೊದಲ ಸಲ ಇತಿಹಾಸ ಸಿಕ್ಕಿದೆ.

ಎರಡೂ ಭುಜಪಟ್ಟಿಯಲ್ಲಿ ಸಾಲಾಗಿ ಮೂರು ಮೂರು ತೂತು. ಮೂರು ಸ್ಟಾರ್. ಅಂದರೆ ಕ್ಯಾಪ್ಟನ್! ಗಣಿಯ ದೊರೆಗಳ ವಾಲಂಟಿಯರ್ ಪಡೆಯವನೇ ಇರಬೇಕು. ಆ ತೂತುಗಳನ್ನು ಯಾರೋ ಕೆಂಪು ದಾರದಲ್ಲಿ ಹೊಲಿದು ಮುಚ್ಚಿದ್ದಾರೆ. ಖಾಕಿಗೆ ಕೆಂಪು! ಕಣ್ಣಿದ್ದವರ ಕೆಲಸವಲ್ಲ. ಎಡ ಎದೆಯ ಮೇಲೆ ರೂಪಾಯಿಗಿಂತ ದೊಡ್ಡದೊಂದು ಗುಂಡಗಿನ ಗುರುತು, ಅಲ್ಲಿ ಮಾತ್ರ ಖಾಕಿ ಬಣ್ಣ ಮಾಸಿಲ್ಲ. ಏನೋ ಕಲೆ... ಇರಲಿ.

ಜನವರಿ 8, ಬುಧವಾರ

ರಿಪೋರ್ಟ್ ಕೊಟ್ಟೆ. ‘ಎರಡೂ ಭುಜದ ಮೂರು ಮೂರು ಸ್ಟಾರ್‌ಗಳು ಕಾಣೆಯಾಗಿವೆ.’ ಕೊನೆಗೆ ದಪ್ಪ ಸಹಿ.

ಕಾರ್ಯದರ್ಶಿ ಶ್ರೀನಿವಾಸಪ್ಪನವರಿಗೆ ಖುಷಿ. (ಕಾರ್ಯ ನಾನು ಮಾಡಬೇಕು, ದರ್ಶನ ಅವರು ಕೊಡುತ್ತಾರೆ.)

"ಕ್ಯಾಪ್ಟನ್ನಾ ಮೇಡಂ? ಮೇಜರ್ ಮಾಡಕ್ಕಾಗಲ್ವಾ? ರಿಪಬ್ಲಿಕ್ ಡೇ ದಿನ ಓಪನಿಂಗು, ಚೀಫ್ ಗೆಸ್ಟ್ ಬತ್ತಾವ್ರೆ."

"ಬಡ್ತಿ ಕೊಡೋ ಅಧಿಕಾರ ನನಗಿಲ್ಲ ಸಾರ್. ನನ್ನದೇ ಒಂಬತ್ತು ವರ್ಷದಿಂದ ನಿಂತಿದೆ."

ನಕ್ಕರು. ನಾನೂ ನಕ್ಕೆ. ರಿಜಿಸ್ಟರಿನಲ್ಲಿ ಕೋಟು ಕೊಟ್ಟವರ ಕಾಲಂ: ‘ಒಬ್ಬ ಮುದುಕಿ, ಬೇತಮಂಗಲ ಕಡೆ.’ ಹೆಸರು ಬರೆದಿಲ್ಲ. ನಾನೂ ಕೇಳಲಿಲ್ಲ.

ಜನವರಿ 19, ಭಾನುವಾರ

ಸಿಟ್ಟಿಗೆ ಅಕ್ಷರ ನೆಟ್ಟಗೆ ಬರುತ್ತಿಲ್ಲ. ಸಿಟ್ಟು ಯಾರ ಮೇಲೆ ಅಂತಲೂ ಗೊತ್ತಾಗುತ್ತಿಲ್ಲ. ಪಟ್ಟಿ ಉದ್ದವಿದೆ, ಮೊದಲ ಹೆಸರು ನನ್ನದು.

ಬೆಳಿಗ್ಗೆ ಹಾಲ್‌ನಲ್ಲಿದ್ದೆ. ಬೇತಮಂಗಲದ ಬಸ್ಸಿಳಿದು ಆ ಮುದುಕಿ ಬಂದಳು. ಮುನಿನಾರಾಯಣಮ್ಮ. ಎಂಬತ್ತರ ಹತ್ತಿರ. ಕೋಟು ಒಳಗೆ ಬೀರುವಿನಲ್ಲಿತ್ತು. ಅಟೆಂಡರ್ ಸೆಲ್ವರಾಜ್ ಸ್ಟೂಲ್ ಕೊಟ್ಟ.

"ನಮ್ ನಾಯ್ನನ ಎಸ್ರು ಬರ್ದ್ರಾ ಮೇಡಮ್ಮಾ? ಕೋದಂಡಪ್ಪ. ಗಣಿ ಶಾಫ್ಟ್ ಗೇಟ್‌ನಾಗೆ ವಾಚ್‌ಮನ್ನು. ಎಸ್ರು ಬರೀತೀವಿ ಅಂದಿದ್ಕೇ ಕೋಟು ಕೊಟ್ಟೆ. ಅವ್ರ್ ಪೋಟಾನೂ ಇಲ್ಲ ನಮ್ತಾವ."

ಅಪ್ಪನ ಕೋಟಂತೆ. ನಾನು ಪಾಠ ಶುರು ಮಾಡಿದೆ — ಅದು ಕ್ಯಾಪ್ಟನ್ನದು, ಸ್ಟಾರ್ ಕಳೆದುಹೋಗಿವೆ ಅಷ್ಟೇ.

"ಕಳೇದ್ಯಾಕಮ್ಮಾ? ದೊರೆ ಸೀಮೆಗ್ ಓಗೋವಾಗ ನಾಯ್ನಂಗೆ ಕೊಟ್ಟ. ಕೊಡೋಕ್ ಮುಂಚೆ ಬ್ಲೇಡ್‌ನಾಗೆ ಅವ್ನೇ ಕಿತ್ಕೊಂಡ. ಬಟ್ಟೆ ನಿಂದು, ನಕ್ಷತ್ರ ನಂದು ಅಂದ್ನಂತೆ."

ಅಂದರೆ ಕಾಣೆಯಾಗಿಲ್ಲ. ಕಿತ್ತುಕೊಂಡದ್ದು. ಲೆನ್ಸ್ ಹಿಡಿದು ಮೂರು ದಿನ ನೋಡಿದವಳಿಗೆ ಕಾಣದ್ದು ಇದು.

ಕೆಂಪು ದಾರ? ಅವಳ ತಾಯಿ ನರಸಮ್ಮ ಧಾರೆ ಸೀರೆಯ ಅಂಚಿನಿಂದ ಎಳೆದದ್ದು. "ರಾತ್ರಿ ಪಾಳಿನಾಗೆ ತೂತಿಂದ ಚಳಿ ವೊಡೀತದೆ ಅಂತಿದ್ರು ನಾಯ್ನ. ಅಮ್ಮ ಅವತ್ತೇ ಒಲ್ದಾಕ್ಬುಟ್ಳು."

ಎದೆಯ ಗುಂಡು ಗುರುತು? ಕಂಪನಿ ಕೊಟ್ಟ ನಂಬರಿನ ಹಿತ್ತಾಳೆ ಬಿಲ್ಲೆ. ಮೂವತ್ತು ವರ್ಷ ಆ ಕೋಟಿನ ಮೇಲೇ ಇತ್ತು. ರಿಟೈರಾದ ದಿನ ಅದನ್ನೂ ವಾಪಸ್ ತೆಗೆದುಕೊಂಡರು. ಒಬ್ಬ ಮನುಷ್ಯನ ಮೈಮೇಲಿಂದ ಎಷ್ಟು ಸಲ ಕೀಳುತ್ತಾರೆ?

"ಬಿಲ್ಲೆ ನಂಬರ್ ನೆನಪಿದೆಯಾ ಅಮ್ಮಾ?"

"ಓದಕ್ ಬರಲ್ಲ ನಂಗೆ. ಆದ್ರೆ ವಾರವಾರ ಉಣಿಸೇಣ್ಣಾಕಿ ಉಜ್ತಿದ್ದೋಳು ನಾನೇಯ." ಬೆರಳಿಂದ ಮೇಜಿನ ಮೇಲೆ ಗೀಚಿದಳು. "ಮೊದ್ಲು ಬೋರ್ಲಾಗಿರೋ ಕುರ್ಚಿ. ಪಕ್ಕದಾಗೆ ಕೋಲು. ಆಮೇಕೆ ಕುಡ್ಲು, ಉಲ್ಲು ಕೊಯ್ಯೋದು."

ಇಂಗ್ಲಿಷ್ ಅಂಕಿಗಳು. ನಾಲ್ಕು. ಒಂದು. ಏಳು.

ಸೆಲ್ವರಾಜ್ ಮುಖ ಆ ಕಡೆ ತಿರುಗಿಸಿಕೊಂಡ. ಅವನಪ್ಪನೂ ಗಣಿಯವನೇ.

ಜನವರಿ 21, ಮಂಗಳವಾರ

ಶ್ರೀನಿವಾಸಪ್ಪನವರ ಹತ್ತಿರ ಹೋದೆ. ರಿಪೋರ್ಟ್ ತಪ್ಪು, ವಾಪಸ್ ಕೊಡಿ ಅಂದೆ.

"ವಾಚ್‌ಮನ್ ಕೋಟು ನೋಡಕ್ಕೆ ಯಾರ್ ಬತ್ತಾರೆ ಮೇಡಂ? ನಮ್ಮೂರಾಗೆ ಮನೆಗಿಬ್ರು ವಾಚ್‌ಮನ್‌ಗಳವ್ರೆ."

ಆನ್‌ಲೈನ್‌ನಲ್ಲಿ ಹೊಸ ಸ್ಟಾರ್ ತರಿಸಿದ್ದಾರಂತೆ, ಥಳಥಳ. ನಿನ್ನೆಯೇ ಕೋಟಿಗೆ ಕೂರಿಸಿ ಆಗಿದೆ. ಗಾಜಿನ ಪೆಟ್ಟಿಗೆ, ಬೀಗ, ಇಂಗ್ಲಿಷ್ ಬೋರ್ಡು. ದಾರ?

"ಆ ಕೆಂಪು ಕಸವಾ? ಟೈಲರ್ ಕಿತ್ತಾಕ್ದ. ತೂತು ಬೇಕಲ್ಲ ಪಿನ್ ಓಗಕ್ಕೆ. ನಿಮ್ ರಿಪೋರ್ಟ್ ಪ್ರಕಾರಾನೇ ಮೇಡಂ, ಒಂದ್ ತೂತು ಎಚ್ಚಿಲ್ಲ, ಕಮ್ಮಿಯಿಲ್ಲ."

ಕಸ. ಧಾರೆ ಸೀರೆಯ ಅಂಚು! ಅವರ ಟೇಬಲ್ಲಿನ ಮೇಲಿನ ನೀರು ಕುಡಿದು ಬಂದೆ. ಬೈಯಬೇಕಿತ್ತು. ನನ್ನ ಸಹಿ ಅವರ ಕೈಯಲ್ಲಿತ್ತಲ್ಲ...

ಜನವರಿ 24, ಶುಕ್ರವಾರ

ಸಿ.ಎಲ್. ಹಾಕಿದೆ. ಕಾರಣ: ‘ಅನಾರೋಗ್ಯ’. ನಾನು ಸಹಿ ಹಾಕಿದ ಎರಡನೇ ಸುಳ್ಳು.

ಆಂಡರ್ಸನ್‌ಪೇಟೆ ಪಾತ್ರೆ ಅಂಗಡಿ. ಮದುವೆ ಪಾತ್ರೆಗೆ ಹೆಸರು ಕೊರೆಯುವ ಮಿಷನ್ ಇದೆ. ಹಿತ್ತಾಳೆ ತಗಡನ್ನು ಗುಂಡಗೆ ಕತ್ತರಿಸಿ ಕೊರೆಸಿದೆ. ಅಳತೆ ನನ್ನ ರಿಪೋರ್ಟಿನಲ್ಲೇ ಇತ್ತು, ‘ಕಲೆ’ ಅನ್ನುವ ಕಡೆ. ಅದೊಂದು ಪ್ಯಾರಾ ಮಾತ್ರ ಉಪಯೋಗಕ್ಕೆ ಬಂತು.

"ಬರೀ ನಂಬರಾ ಮೇಡಂ? ಎಸ್ರು ಬ್ಯಾಡ್ವಾ?"

"ಹಿಂದೆ ಕೊರೀರಿ. ಕೋದಂಡಪ್ಪ."

ಜನವರಿ 26, ಭಾನುವಾರ. ಬೆಳಿಗ್ಗೆ 9.50, ಹಾಲ್

ಹೊರಗೆ ಧ್ವಜ ಹಾರಿಸಿ ಬೂಂದಿ ಹಂಚುತ್ತಿದ್ದಾರೆ. ಹತ್ತೂವರೆಗೆ ಉದ್ಘಾಟನೆ. ನಮ್ಮ ಗಣರಾಜ್ಯದ ದಿನ ದೊರೆಯ ಸ್ಟಾರಿಗೆ ಹಾರ!

ಮುನಿನಾರಾಯಣಮ್ಮನನ್ನು ಕರೆದುಕೊಂಡು ಬಂದೆ. ಗಾಜಿನ ಮುಂದೆ ನಿಂತಳು. ನೋಡಿದಳು.

"ನಮ್ ನಾಯ್ನಂದಲ್ಲ ಇದು."

"ಅದೇ ಅಮ್ಮಾ."

"ಮತ್ತೆ ಅಮ್ಮನ ದಾರ ಎಲ್ಲಿ?"

ಹೇಳಿದೆ. ಎಲ್ಲವನ್ನೂ. ನನ್ನ ಸಹಿಯನ್ನೂ. ಅವಳು ಗಾಜಿನ ಮೇಲೆ ಬೆರಳಿಟ್ಟು ಸ್ಟಾರ್ ಎಣಿಸಿದಳು, ಆರು.

ಸೆಲ್ವರಾಜನ ಹತ್ತಿರ ಬೀಗದ ಕೈ ಕೇಳಿದೆ. ಕೆಲಸಕ್ಕೆ ಕುತ್ತು ಬಂದೀತು ಅಂತಲೂ ಹೇಳಿದೆ.

"ಸಾರ್ ಕೇಳಿದ್ರೆ ಬೀಗ ತಾನಾ ತೆರ್ಕೊಂಡ್ಚು ಅಂತೀನಿ ಮೇಡಂ. ಹಳೇ ಬೀಗ ತಾನೇ." ಕೈಗಿಟ್ಟು ಬೂಂದಿ ತಿನ್ನಲು ಹೋದ.

10.15

ಆರು ಸ್ಟಾರೂ ಕಿತ್ತೆ. ಕಾರ್ಯದರ್ಶಿಗಳ ಕುರ್ಚಿಯ ಮೇಲೆ ಸಾಲಾಗಿ ಇಟ್ಟಿದ್ದೇನೆ, ಚುಚ್ಚುವ ಮೊನೆ ಮೇಲೆ.

ನನ್ನ ಸೆರಗಿನ ತ್ರಿವರ್ಣದ ಬ್ಯಾಡ್ಜಿನ ಪಿನ್ ಬಿಚ್ಚಿ ಅವಳೇ ಬಿಲ್ಲೆ ಚುಚ್ಚಿದಳು. ಆ ಗುಂಡು ಗುರುತಿನ ಮೇಲೆ ಕೂತಿತು. ಕೂದಲೆಳೆ ಹೊರಗಿಲ್ಲ.

ಈಗ ಕೋಟು ತೊಡೆಯ ಮೇಲಿಟ್ಟುಕೊಂಡು ನೆಲಕ್ಕೆ ಕೂತಿದ್ದಾಳೆ. ತನ್ನ ಸೀರೆಯ ಅಂಚಿನಿಂದ ಹಲ್ಲಲ್ಲಿ ಕಚ್ಚಿ ದಾರ ಎಳೆದಳು. ಇದು ಕೆಂಪಲ್ಲ, ಹಸಿರು. ಸೂಜಿ ಅವಳ ಮಾಂಗಲ್ಯಕ್ಕೆ ಸಿಕ್ಕಿಸಿದ ಪಿನ್ನುಗಳ ಜೊತೆಯಲ್ಲೇ ಇತ್ತು. ದಾರ ನಾನು ಪೋಣಿಸಿಕೊಟ್ಟೆ.

"ಬಿರ್ನೆ ಒಲೀತೀನಿ ಬುಡಮ್ಮ. ಆರೇ ತೂತಲ್ವಾ."

ಬಾಗಿಲಿಗೆ ಅಡ್ಡ ನಿಂತು ಬರೆಯುತ್ತಿದ್ದೇನೆ. ಎರಡು ತೂತು ಆಯಿತು. ಹೊರಗೆ ಕಾರಿನ ಬಾಗಿಲ ಸದ್ದು. ಶ್ರೀನಿವಾಸಪ್ಪನವರ ನಗು. ಮೂರನೆಯದು ಆಯಿತು. ಮೆಟ್ಟಿಲ ಮೇಲೆ ಬೂಟು... ಚಿಲಕ ಹಾಕಿದೆ. ತಟ್ಟುತ್ತಿದ್ದಾರೆ. ತಟ್ಟಲಿ. ನಾಲ್ಕನೆಯದು —