ಕಾಲಿ ನಗರದ ದಾರಿಯಲ್ಲಿ ಕುಣಿದೆ

ಅಪ್ಪಾ,

ನೀವು ತೀರಿಕೊಂಡು ವರ್ಷ ತುಂಬುವ ಮೊದಲೇ ಸಾಲ್ಸಾ ಕುಣಿತದ ಸ್ಪರ್ಧೆಗೆಂದು ಕಾಲಿ ನಗರದ ಬಸ್ಸು ಹತ್ತಿದ್ದೇನೆ. ಕುಣಿಯುವ ಹೆಂಗಸಿಗೆ ಮನೆಯಲ್ಲಿ ಜಾಗವಿಲ್ಲವೆಂದು ನನ್ನ ಬೂಟುಗಳನ್ನು ಒಲೆಗೆ ಹಾಕಿದ್ದಿರಿ. ಈಗ ಕೆಂಪನೆಯವನ್ನೇ ಕೊಂಡಿದ್ದೇನೆ.

ಪಾತಿಯಾ ಕಣಿವೆಯಲ್ಲಿ ಗುಡ್ಡ ಕುಸಿದು ಬಸ್ಸು ನಿಂತಿತು. ಚಾಲಕ ರೇಡಿಯೊ ಜೋರು ಮಾಡಿದ. ನಾನು ಇಳಿದು ನಡುರಸ್ತೆಯಲ್ಲೇ ಕುಣಿದೆ.

"ಅಮ್ಮೋ, ಈ ವಯಸ್ಸಲ್ಲಿ ಮಂಡಿ ಹುಷಾರು!" ಎಂದು ಲಾರಿಯವನೊಬ್ಬ ಕೂಗಿದ.

"ನಿನ್ ಲಾರಿಗಿಂತ ಗಟ್ಟಿಯಾಗೈತೆ, ಇಳ್ದು ಬಾ!" ಎಂದೆ.

ಮಾವಿನಹಣ್ಣು ಮಾರುವ ಮುದುಕಿ ನಗುತ್ತಾ ಕೇಳಿದಳು, "ಯಾರೇ ನಿಂಗೆ ಕಲ್ಸಿದ್ದು?"

"ನಮ್ಮಪ್ಪ."

ಸುಳ್ಳಲ್ಲ. ಅಮ್ಮ ಇದ್ದಾಗ ನನ್ನನ್ನು ನಿಮ್ಮ ಪಾದಗಳ ಮೇಲೆ ನಿಲ್ಲಿಸಿಕೊಂಡು ಅಡುಗೆಮನೆಯಲ್ಲಿ ಕುಣಿಸುತ್ತಿದ್ದವರು ನೀವೇ. ಅವಳನ್ನು ಮಣ್ಣು ಮಾಡಿ ಬಂದ ದಿನ ನೀವು ನಿಲ್ಲಿಸಿದಿರಿ. ನಾನು ನಿಲ್ಲಿಸಲಾರೆ, ಅಪ್ಪಾ.

ನಿಮ್ಮ ಮಗಳು,
ಲುಸ್ಮಿಲಾ