ಹಗೇವು ಸುರಂಗವಾದದ್ದು

ಅಮರಗೋಳ
೨೦ ಆಗಸ್ಟ್ ೨೦೨೪

ಚಿ. ಸೌ. ರಾಜೇಶ್ವರಿಗೆ ಅಕ್ಕನ ಆಶೀರ್ವಾದ.

ಗದಗಿನಲ್ಲಿ ನೀವೆಲ್ಲ ಕ್ಷೇಮವೆಂದು ತಿಳಿದಿದ್ದೇನೆ. ಪಂಚಮಿಗೇ ಬರೆಯಬೇಕಿತ್ತು, ತಡವಾಯಿತು, ಬೇಸರಪಡಬೇಡ. ಫೋನಿನಲ್ಲಿ ಹೇಳೋಣವೆಂದರೆ ತಮ್ಮ ಕುಮಾರಸ್ವಾಮಿ ಫೋನಿರುವ ಪಡಸಾಲೆ ಬಿಟ್ಟು ಏಳುವುದಿಲ್ಲ. ಹೇಳಬೇಕಾದದ್ದೆಲ್ಲ ಅವನ ವಿಷಯವೇ.

ನಾವಿರುವ ಈ ಹೊಲದ ಮನೆಯನ್ನೇ ಅವನು ಪ್ರವಾಸಿಗರು ಉಳಿದುಕೊಳ್ಳುವ ‘ಹೆರಿಟೇಜ್ ವಾಡೆ’ ಮಾಡಿದ್ದಾನೆ. ಮಾಡಲಿ, ಬೇಡವೆಂದವರು ಯಾರು? ಆದರೆ ಮಣ್ಣಿನ ಮಾಳಿಗೆಗೆ ನೀರಿಳಿಯದಂತೆ ವರ್ಷವರ್ಷ ಸವುಳು ಮಣ್ಣು ಹಾಕಿಸುವುದು ಬಿಟ್ಟು ಸಿಮೆಂಟು ಬಳಿಸಿದ. ಅದು ಬಿರುಕು ಬಿಟ್ಟು ಜಂತಿಗಳೆಲ್ಲ ತೋಯ್ದಿವೆ. ದೇವರ ಕೋಣೆಯಲ್ಲಿ ನಾನು ಬೋಗುಣಿ ಇಟ್ಟುಕೊಂಡು ಕೂತಿದ್ದೇನೆ. ಕೇಳಿದರೆ, “ಹಳೇ ಮನಿ ಅಂದಮ್ಯಾಲ ಸೋರೂದ ಅಕ್ಕಾ” ಅನ್ನುತ್ತಾನೆ. ಅಜ್ಜಿ ರುಕ್ಮವ್ವ ಇದ್ದಾಗ ಒಂದು ಹನಿಯಾದರೂ ಬಿದ್ದದ್ದು ನಿನಗೆ ನೆನಪಿದೆಯೇ?

ಸೋರುವುದು ಹಾಗಿರಲಿ, ಅವನ ಇತಿಹಾಸ ಕೇಳು. ತಲೆಬಾಗಿಲ ಒಳಗೆ ಎತ್ತು ಕಟ್ಟುತ್ತಿದ್ದ ತಗ್ಗು ಈಗ ಕುದುರೆ ಲಾಯವಂತೆ. ನಾವೆಲ್ಲ ಹುಟ್ಟಿದ ಬಾಣಂತಿ ಕೋಣೆ ರಾಣಿಯ ಕೋಣೆಯಂತೆ. ಮುತ್ತಜ್ಜ ಅರಳೆ ವ್ಯಾಪಾರ ಮಾಡಿ ಕಟ್ಟಿಸಿದ ಮನೆಗೆ ಯಾವ ರಾಣಿ ಬಂದಿದ್ದಳೋ! ಅಂಗಳದ ನೆಲದಡಿ ಜೋಳ ತುಂಬಿಡುತ್ತಿದ್ದ ಹಗೇವಿನ ಬಾಯಿ ತೆರೆಸಿ, ಒಳಗೆ ಬಲ್ಬು ಇಳಿಬಿಟ್ಟು, ಯಾವುದೋ ಕೋಟೆಗೆ ಹೋಗುವ ಸುರಂಗವೆಂದು ತೋರಿಸುತ್ತಾನೆ.

ಹೋದ ರವಿವಾರ ಮೈಸೂರಿನ ಕಡೆಯವರು ಬಂದಿದ್ದರು. ಅವರಲ್ಲಿ ಒಬ್ಬಾಕೆ, “ಈ ಸುರಂಗ ಎಷ್ಟು ದೂರ ಹೋಗುತ್ತೆ?” ಎಂದು ಕೇಳಿದಳು. ನನಗೆ ತಡೆಯಲಾಗಲಿಲ್ಲ.

“ಎಲ್ಲಿಗೂ ಹೋಗಂಗಿಲ್ರಿ. ಇದು ನಮ್ಮ ಹಗೇವು” ಅಂದೆ.

ಕೇಳಿದ್ದಕ್ಕೆಲ್ಲ ಹೇಳಿದೆ. ಒಳಗೋಡೆಗೆ ಹುಲ್ಲು ಹೊದಿಸಿ ಜೋಳ ಸುರಿಯುತ್ತಿದ್ದದ್ದು, ಬಾಯಿ ತೆರೆದ ದಿನ ಕೆಟ್ಟ ಗಾಳಿ ಹೋಗುವವರೆಗೆ ಯಾರೂ ಇಳಿಯದಂತೆ ಅಜ್ಜಿ ಕಟ್ಟೆಯ ಮೇಲೆ ಕೂತು ಕಾಯುತ್ತಿದ್ದದ್ದು. ಅವರು ಕುದುರೆ ಲಾಯವನ್ನೂ ರಾಣಿಯನ್ನೂ ಮರೆತು ಕೇಳುತ್ತ ಕುಳಿತರು. ಕುಮಾರನ ಮುಖ ಸಣ್ಣದಾಯಿತು. ಅವರು ಹಿತ್ತಲು ನೋಡಲು ಹೋದಾಗ ನನ್ನ ಮೇಲೆ ಹರಿಹಾಯ್ದ.

“ಜ್ವಾಳದ ಕುಣಿ ನೋಡಾಕ ಯಾರು ಬರ್ತಾರ ಅಕ್ಕಾ? ನೀ ಒಳಗ ಇರು.”

“ಖರೇ ಕೇಳಿ ಒಬ್ಬರರ ಎದ್ದು ಹೋದ್ರೇನ ಈಗ?” ಅಂದೆ. ಅವನು ಅವರ ಹಿಂದೆಯೇ ಹಿತ್ತಲಿಗೆ ಹೋದ.

ನಿನ್ನ ಯಜಮಾನರಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ ಹೇಳು. ಎಲ್ಲರಿಗೂ ಒಳ್ಳೆಯದಾಗಲಿ. ಶ್ರಾವಣ ಮುಗಿಯುವುದರೊಳಗೆ ಒಮ್ಮೆ ಬಂದು ಹೋಗು.

ನಿನ್ನ ಅಕ್ಕ,
ದಾಕ್ಷಾಯಿಣಿ

ತಾ.ಕ.: ಒಂದು ಮಾತು ಮೇಲೆ ಬರೆಯಲು ಕೈ ಬರಲಿಲ್ಲ. ಹೊರಡುವಾಗ ಆ ಮೈಸೂರಿನಾಕೆ ಕುಮಾರನನ್ನು, “ಮನೆ ಬಗ್ಗೆ ಇಷ್ಟೆಲ್ಲ ಗೊತ್ತಲ್ಲ, ಇವರು ಯಾರು?” ಎಂದು ಕೇಳಿದಳು. ನಾನು ಅಲ್ಲೇ ನಿಂತಿದ್ದೆ. ಅವನು ನನ್ನ ಕಡೆ ನೋಡದೆ, “ಹಳೇ ಕೆಲಸದಾಕಿರಿ. ಭಾಳ ದಿನದಿಂದ ಇಲ್ಲೇ ಅದಾಳ” ಅಂದ. ಗಂಡ ತೀರಿಕೊಂಡು ನಾನು ತಿರುಗಿ ಬಂದ ದಿನ, “ಇದು ನಿನ್ನ ಮನಿ ಅಕ್ಕಾ” ಎಂದು ಬಾಗಿಲಿಗೆ ಬಂದು ಕೈಹಿಡಿದು ಕರೆದುಕೊಂಡವನೂ ಅವನೇ. ನಾನು, ರಾಜೂ, ಅವರು ಕುಡಿದಿಟ್ಟ ಚಹಾದ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದೆ.