ಅಮ್ಮ ಉಣ್ಣುವ ತನಕ

ಕಸೊಂಡೆ,

ಸುದ್ದಿ ನಿಜವಂತೆ. ಗಣಿ ಕುಸಿದು ಅಪ್ಪ ಹೋದರು. ಮಾವನೂ ನಾನೂ ಹೆಣ ತರಲು ಕಿಟ್ವೆಗೆ ಹೊರಟಿದ್ದೇವೆ. ಅಮ್ಮನಿಗಿನ್ನೂ ಗೊತ್ತಿಲ್ಲ. ಸಂತೆಯಿಂದ ಬಂದವಳು ಮೊದಲು ಉಣ್ಣಲಿ. ಸಕ್ಕರೆ ಕಾಯಿಲೆಯವಳು, ಕೇಳಿದ ಮೇಲೆ ಒಂದು ತುತ್ತೂ ಮುಟ್ಟುವುದಿಲ್ಲ.

ನ್ಶಿಮಾ ಮುದ್ದೆ ತಿರುವಲು ಇವತ್ತು ನನ್ನ ಕೈಲಾಗಲಿಲ್ಲ. ಸ್ಯಾಂಡ್‌ವಿಚ್ ಮಾಡು. ಬದನೆ, ದಪ್ಪ ಮೆಣಸಿನಕಾಯಿ, ಈರುಳ್ಳಿ ಹೆಚ್ಚಿಟ್ಟಿದ್ದೇನೆ. ಎಣ್ಣೆ ಸವರಿ ಇದ್ದಿಲ ಒಲೆಯ ಜಾಲರಿಯ ಮೇಲೆ ಸುಡು, ಆಮೇಲೆ ಬ್ರೆಡ್ಡಿನೊಳಗಿಟ್ಟು ಇನ್ನೊಮ್ಮೆ ಒತ್ತಿ ಸುಡು. ಹೋದ ಸಲದ ಹಾಗೆ ಕರಕಲು ಮಾಡಬೇಡ ಮಾರಾಯ.

ಅಳುವುದಿದ್ದರೆ ಈಗಲೇ ಹಿತ್ತಲಲ್ಲಿ ಅತ್ತು ಮುಗಿಸು. "ಅಪ್ಪ ಎಲ್ಲೋ?" ಅಂದರೆ, "ಎರಡನೇ ಪಾಳಿಗೂ ನಿಂತರಂತೆ" ಅನ್ನು. ಉಳಿದದ್ದನ್ನು ನಾವೇ ಬಂದು ಹೇಳುತ್ತೇವೆ.

ಅಪ್ಪನಿಗೂ ಎರಡು ಮಾಡಿ ತಟ್ಟೆ ಮುಚ್ಚಿಡು. ಇಡದಿದ್ದರೆ ಅವಳಿಗೆ ಗೊತ್ತಾಗಿಬಿಡುತ್ತದೆ.

ಅಕ್ಕ